ಬ್ರೂಮ್ ಪ್ರಭುವಿನ ಬೆನ್ನು ಹತ್ತಿ

ಸೋಮವಾರ, ಎಡಿನ್‌ಬರೋ

ಕಾನೂನು ಕಾಲೇಜಿನಲ್ಲಿ ವೃತ್ತಿಧರ್ಮದ ಪಾಠ ಕೇಳಿದವರಿಗೆ ಒಂದು ಮಾತು ಬಾಯಿಪಾಠವಾಗಿರುತ್ತದೆ: ವಕೀಲ ತನ್ನ ಕರ್ತವ್ಯದಲ್ಲಿರುವಾಗ ಲೋಕದಲ್ಲಿ ಒಬ್ಬನೇ ಒಬ್ಬ ಮನುಷ್ಯನನ್ನು ಬಲ್ಲ, ಆ ಮನುಷ್ಯ ಅವನ ಕಕ್ಷಿದಾರ. ಮಾತು ಗೊತ್ತಿದ್ದರೂ ಆಡಿದವನು ಯಾರೆಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆತ ಹೆನ್ರಿ ಬ್ರೂಮ್. ಹುಟ್ಟಿದ್ದು 1778ರಲ್ಲಿ, ಸತ್ತದ್ದು 1868ರಲ್ಲಿ. ವಕೀಲ, ಸಂಸದ, ನಾಲ್ಕು ವರ್ಷ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್. ಎಂದರೆ ಒಂದೇ ಕುರ್ಚಿಯಲ್ಲಿ ಹಿರಿಯ ನ್ಯಾಯಾಧೀಶನೂ ಹೌದು, ಸಂಪುಟದ ಮಂತ್ರಿಯೂ ಹೌದು. ಧಾರವಾಡದಲ್ಲಿ ಕರಿ ಕೋಟು ತೊಟ್ಟು ಕೂದಲು ಬೆಳ್ಳಗಾಗಿಸಿಕೊಂಡ ನನಗೆ ಈ ಮನುಷ್ಯನ ಮೇಲೆ ಬಹಳ ಹಿಂದಿನಿಂದಲೂ ಕುತೂಹಲ. ಮಗಳು ಎಡಿನ್‌ಬರೋದಲ್ಲಿ ಕೆಲಸಕ್ಕೆ ಸೇರಿದ್ದು ನೆಪವಾಯಿತು. "ಎಲ್ಲರೂ ಕೋಟೆ ನೋಡಲು ಬರುತ್ತಾರೆ, ನೀವು ಸತ್ತ ವಕೀಲನನ್ನು ಹುಡುಕಲು ಬಂದಿದ್ದೀರಿ" ಎಂದು ಅವಳು ನಕ್ಕಳು.

ಬೆಳಿಗ್ಗೆ ಸೇಂಟ್ ಆಂಡ್ರ್ಯೂ ಚೌಕಕ್ಕೆ ಹೋದೆವು. ಬ್ರೂಮ್ ಹುಟ್ಟಿದ್ದು ಈ ಚೌಕದ ಮನೆಯೊಂದರಲ್ಲಿ. ಈಗ ಸುತ್ತಲೂ ಬ್ಯಾಂಕುಗಳು, ಕಾಫಿ ಅಂಗಡಿಗಳು, ಟ್ರಾಮ್ ಗಂಟೆಯ ಸದ್ದು. ನಟ್ಟನಡುವೆ ಮುಗಿಲೆತ್ತರದ ಕಂಬವೊಂದಿದೆ, ಮೇಲೆ ಹೆನ್ರಿ ಡಂಡಾಸ್ ನಿಂತಿದ್ದಾನೆ. ಗುಲಾಮರ ವ್ಯಾಪಾರವನ್ನು ಕೂಡಲೇ ನಿಲ್ಲಿಸಬೇಕೆಂಬ ಬೇಡಿಕೆ 1792ರಲ್ಲಿ ಸಂಸತ್ತಿನ ಮುಂದೆ ಬಂದಾಗ "ಕ್ರಮೇಣ" ಎಂಬ ಪದ ಸೇರಿಸಿದವನು ಈತ. ಆ ಪದಕ್ಕಾಗಿ ಈ ಊರಿನವರು ಕೆಲವು ವರ್ಷಗಳಿಂದ ಕಂಬದ ಬುಡದಲ್ಲಿ ಜಗಳವಾಡುತ್ತಿದ್ದಾರೆ. ಇದೇ ಚೌಕದಲ್ಲಿ ಹುಟ್ಟಿದ ಹುಡುಗ 1811ರಲ್ಲಿ, ಸಂಸತ್ತಿಗೆ ಹೊಸಬನಾಗಿದ್ದಾಗಲೇ, ಗುಲಾಮರ ವ್ಯಾಪಾರ ಮಾಡುವುದನ್ನು ಘೋರ ಅಪರಾಧವೆಂದು ಸಾರುವ ಕಾಯಿದೆ ತಂದ. ಅದುವರೆಗೆ ಸಿಕ್ಕಿಬಿದ್ದ ಹಡಗಿನ ಒಡೆಯ ದಂಡ ಕಟ್ಟಿ, ಮುಂದಿನ ಯಾನದ ಲಾಭದಲ್ಲಿ ಅದನ್ನು ತುಂಬಿಕೊಳ್ಳುತ್ತಿದ್ದ. ಹೊಸ ಕಾಯಿದೆಯಲ್ಲಿ ಹದಿನಾಲ್ಕು ವರ್ಷಗಳವರೆಗೆ ಗಡೀಪಾರು. ದಂಡ ಲೆಕ್ಕದ ಪುಸ್ತಕದಲ್ಲಿ ಖರ್ಚಾಗಿ ಮುಗಿಯುತ್ತದೆ, ಗಡೀಪಾರು ಹಾಗೆ ಮುಗಿಯುವುದಿಲ್ಲ ಎಂಬುದು ವಕೀಲನಿಗೇ ಹೊಳೆಯುವ ಸಂಗತಿ.

ಡಂಡಾಸನಿಗೆ ಕಂಬವಿದೆ. ಬ್ರೂಮ್‌ಗೆ ಇಲ್ಲಿ ಹೇಳಿಕೊಳ್ಳುವಂಥದ್ದು ಕಾಣಲಿಲ್ಲ.

ಮಧ್ಯಾಹ್ನ ಸೇಂಟ್ ಜೈಲ್ಸ್ ಚರ್ಚಿನ ಹಿಂದಿರುವ ಹಳೆಯ ಪಾರ್ಲಿಮೆಂಟ್ ಭವನ. ಸ್ಕಾಟ್ಲೆಂಡಿನ ಉಚ್ಚ ನ್ಯಾಯಾಲಯ ಕೂರುವುದು ಇಲ್ಲೇ. ಬಾಗಿಲಲ್ಲಿ ಚೀಲ ತೋರಿಸಿದರೆ ಒಳಗೆ ಬಿಡುತ್ತಾರೆ. ದೊಡ್ಡ ಸಭಾಂಗಣದ ಮರದ ಸೂರಿನ ಕೆಳಗೆ ವಕೀಲರು ಇಬ್ಬಿಬ್ಬರಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಮಾತನಾಡುತ್ತ ನಡೆಯುತ್ತಾರೆ. ನಿಂತರೆ ಬೇರೆಯವರ ಕಿವಿಗೆ ಬೀಳುತ್ತದೆ, ನಡೆಯುತ್ತಿದ್ದರೆ ಬೀಳುವುದಿಲ್ಲ, ಶತಮಾನಗಳ ರೂಢಿ. ನಾನು ಒಂದು ಬೆಂಚಿನ ಮೇಲೆ ಕುಳಿತು ಒಂದು ಜೋಡಿಯನ್ನು ಗಮನಿಸಿದೆ. ಕಿರಿಯವನು ಕಡತವನ್ನು ಎದೆಗವಚಿಕೊಂಡಿದ್ದ, ಹಿರಿಯವಳು ತಿರುಗುವ ಜಾಗ ಬಂದಾಗಲೆಲ್ಲ ಮಾತು ನಿಲ್ಲಿಸಿ, ತಿರುಗಿದ ಮೇಲೆ ಅದೇ ವಾಕ್ಯದಿಂದ ಮುಂದುವರಿಸುತ್ತಿದ್ದಳು. ಬ್ರೂಮ್ ಇಲ್ಲಿ ವಕೀಲನಾದದ್ದು 1800ರಲ್ಲಿ. ಕಕ್ಷಿದಾರರು ಬರಲಿಲ್ಲ, ಆದರೆ ಸಂಚಾರಿ ಪೀಠದಲ್ಲಿ ಎಸ್ಕ್‌ಗ್ರೋವ್ ಎಂಬ ಮುದಿ ನ್ಯಾಯಾಧೀಶರನ್ನು ಎಷ್ಟು ಕಾಡಿದನೆಂದರೆ, ಇವನೇ ನನ್ನ ಬಾಳಿನ ಪೀಡೆ ಎಂದು ಅವರು ಗೋಳಾಡಿದರಂತೆ. ಇಂಥ ಕಿರಿಯ ವಕೀಲರು ಪ್ರತಿ ಬಾರ್‌ನಲ್ಲೂ ಒಬ್ಬರಾದರೂ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಚಾನ್ಸಲರ್ ಆಗುವುದಿಲ್ಲ.

ಸಂಜೆ ಬಕ್ಲೂ ಪ್ಲೇಸ್. ಕಲ್ಲುಹಾಸಿನ ಬೀದಿ, ಈಗ ವಿಶ್ವವಿದ್ಯಾಲಯದ ಕಚೇರಿಗಳು. ಇಲ್ಲಿನ 18ನೇ ಸಂಖ್ಯೆಯ ಮನೆಯಲ್ಲಿ ಫ್ರಾನ್ಸಿಸ್ ಜೆಫ್ರಿ ಬಾಡಿಗೆಗಿದ್ದ. ಕೆಲಸವಿಲ್ಲದ ನಾಲ್ಕು ಬುದ್ಧಿವಂತರು, ಜೆಫ್ರಿ, ಸಿಡ್ನಿ ಸ್ಮಿತ್, ಹಾರ್ನರ್ ಮತ್ತು ಬ್ರೂಮ್, 1802ರಲ್ಲಿ ಎಡಿನ್‌ಬರೋ ರಿವ್ಯೂ ಪತ್ರಿಕೆಯನ್ನು ಹುಟ್ಟುಹಾಕಿದರು. ಬ್ರೂಮ್ ಅದರಲ್ಲಿ ಬರೆಯದ ವಿಷಯವಿಲ್ಲ. ಹೆಸರು ಹಾಕದ ಲೇಖನಗಳು, ಹಾಗಾಗಿ ನಾಲಿಗೆಗೆ ಕಡಿವಾಣವೂ ಇಲ್ಲ. ಬೆಳಕು ಅಲೆಗಳಾಗಿ ಹರಿಯುತ್ತದೆ ಎಂದು ಥಾಮಸ್ ಯಂಗ್ ಎಂಬ ವೈದ್ಯ ಪ್ರಯೋಗ ಮಾಡಿ ತೋರಿಸಿದಾಗ, ನ್ಯೂಟನ್ನನ ಪರಮಭಕ್ತನಾದ ಬ್ರೂಮ್ 1803ರಲ್ಲಿ ಅವನನ್ನು ಹರಿದು ಹಾಕಿದ. ಇದರಲ್ಲಿ ಹೆಸರಿಗೆ ತಕ್ಕ ಪ್ರಯೋಗವೂ ಇಲ್ಲ, ಆವಿಷ್ಕಾರವೂ ಇಲ್ಲ ಎಂಬ ಧಾಟಿಯಲ್ಲಿ. ಯಂಗ್ ಉತ್ತರವಾಗಿ ಅಚ್ಚು ಹಾಕಿಸಿದ ಕಿರುಹೊತ್ತಗೆ ಒಂದೇ ಪ್ರತಿ ಮಾರಾಟವಾಯಿತೆಂಬ ಮಾತಿದೆ. ಸರಿಯಾಗಿದ್ದವನು ಯಂಗ್. ಎಪ್ಪತ್ತು ದಾಟಿದ ಮೇಲೂ ಬ್ರೂಮ್ ಬೆಳಕಿನ ಪ್ರಯೋಗ ಬಿಡಲಿಲ್ಲ, 1850ರಲ್ಲಿ ರಾಯಲ್ ಸೊಸೈಟಿಗೆ ಮತ್ತೊಂದು ಪ್ರಬಂಧ ಕೊಟ್ಟ. ವಿಜ್ಞಾನದ ಪ್ರಶ್ನೆಯನ್ನು ಮೊಕದ್ದಮೆಯಂತೆ ನಡೆಸಿದರೆ ಏನಾಗುತ್ತದೆ ಎಂಬುದಕ್ಕೆ ಈ ಬೀದಿಯೇ ಸಾಕ್ಷಿ.

ಮಂಗಳವಾರ, ಪೆನ್ರಿತ್

ಕಾರ್ಲೈಲ್ ಮಾರ್ಗದ ರೈಲು. ಕಿಟಕಿಯಾಚೆ ಕುರಿಗಳು, ಬೋಳು ಗುಡ್ಡಗಳು, ಮಳೆ. 1834ರಲ್ಲಿ ಚಾನ್ಸಲರ್ ಆಗಿದ್ದಾಗ ಬ್ರೂಮ್ ಸ್ಕಾಟ್ಲೆಂಡಿಗೆ ಬಂದು ಊರೂರಿನಲ್ಲಿ ಭಾಷಣ ಬಿಗಿದ. ರಾಜ್ಯದ ಮಹಾಮುದ್ರೆ ಚಾನ್ಸಲರನ ವಶದಲ್ಲಿರಬೇಕಾದ್ದು, ಅದನ್ನೂ ಪೆಟ್ಟಿಗೆಯಲ್ಲಿ ಹಾಕಿಕೊಂಡೇ ಹೊರಟಿದ್ದ. ರೋಥಿಮರ್ಕಸ್‌ನ ಬಂಗಲೆಯೊಂದರಲ್ಲಿ ಹೆಂಗಸರು ಅದನ್ನು ಬಚ್ಚಿಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ ಹುಡುಕಿಸಿದರಂತೆ. ಕಥೆ ನಾಲ್ಕನೆಯ ವಿಲಿಯಂ ದೊರೆಯ ಕಿವಿಗೆ ಹೋಯಿತು. ದೊರೆ ನಗಲಿಲ್ಲ.

ಪೆನ್ರಿತ್‌ನಿಂದ ದಕ್ಷಿಣಕ್ಕೆ ಅರ್ಧ ತಾಸು ನಡೆದರೆ ಈಮಂಟ್ ನದಿ, ಅದರಾಚೆಯ ಏರಿನ ಮೇಲೆ ಬ್ರೂಮ್ ಹಾಲ್. ಒಂದು ಕಾಲಕ್ಕೆ ಇದನ್ನು ಉತ್ತರದ ವಿಂಡ್ಸರ್ ಎನ್ನುತ್ತಿದ್ದರು. ಹೊರಗೋಡೆ ಇನ್ನೂ ಕೋಟೆಯ ಠೀವಿಯಲ್ಲಿದೆ. ಬಾಗಿಲು ದಾಟಿದರೆ ನಡುವೆ ಹುಲ್ಲು, ಮಹಲು ಇದ್ದ ಜಾಗದಲ್ಲಿ ಮಹಲಿಲ್ಲ. ನಾಲ್ಕನೆಯ ಬ್ಯಾರನ್ ಜೂಜಿನಲ್ಲಿ ಆಸ್ತಿ ಕರಗಿಸಿ 1930ರ ದಶಕದಲ್ಲಿ ಮಾರಿದ, ಕೊಂಡವರು ಕೆಡವಿದರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದವರು ಕಣ್ಣು ಕೋರೈಸುವ ಬೆಳಕಿನ ಟ್ಯಾಂಕುಗಳನ್ನು ಇಲ್ಲಿ ಗುಟ್ಟಾಗಿ ತಯಾರು ಮಾಡಿದರು. 1985ರಿಂದ ಜೀರ್ಣೋದ್ಧಾರ ಸಾಗಿದೆ. ಗೋಡೆಗೆ ಆತುಕೊಂಡ ಕೊಠಡಿಗಳಲ್ಲಿ ಕುಶಲಕರ್ಮಿಗಳ ಅಂಗಡಿಗಳಿವೆ. ಒಬ್ಬಾತ ಬೆಳ್ಳಿಯ ಉಂಗುರಕ್ಕೆ ಅರ ಹಾಕುತ್ತಿದ್ದ. ಬ್ರೂಮ್ ಬಗ್ಗೆ ಕೇಳಿದರೆ, "ಗಾಡಿಯವನಲ್ಲವೇ?" ಎಂದ.

ಗಾಡಿಯವನೇ. ಒಂದೇ ಕುದುರೆ ಎಳೆಯುವ, ನಾಲ್ಕು ಚಕ್ರದ, ಮುಚ್ಚಿದ ಪುಟ್ಟ ಗಾಡಿಯೊಂದನ್ನು 1838ರಲ್ಲಿ ಬ್ರೂಮ್ ತನಗೆ ಬೇಕಾದಂತೆ ಮಾಡಿಸಿಕೊಂಡ. ನೆಲಕ್ಕೆ ಹತ್ತಿರ, ಹತ್ತಲು ಇಳಿಯಲು ಸಲೀಸು, ಕಿಕ್ಕಿರಿದ ಬೀದಿಯಲ್ಲಿ ತಿರುಗಿಸಲೂ ಸಲೀಸು. ಲಂಡನ್ ಮುಗಿಬಿದ್ದು ನಕಲು ಮಾಡಿತು, ಗಾಡಿಗೆ ಅವನ ಹೆಸರೇ ಅಂಟಿತು. ನ್ಯಾಯವಿಧಾನದ ಸುಧಾರಣೆಗೆ ಸಂಸತ್ತಿನಲ್ಲಿ ಆರು ಗಂಟೆ ನಿಂತು ಮಾತನಾಡಿದವನನ್ನು ಅವನ ಸ್ವಂತ ಹಟ್ಟಿಯಲ್ಲಿ ಗಾಡಿಯಿಂದ ಗುರುತಿಸುತ್ತಾರೆ.

ಬುಧವಾರ, ಲೌದರ್

ಪೆನ್ರಿತ್‌ನ ದಕ್ಷಿಣಕ್ಕೆ ಕೆಲವೇ ಮೈಲು. ಈ ಸೀಮೆ ಲೌದರ್ ಮನೆತನದ ಹಿಡಿತದಲ್ಲಿತ್ತು, ವೆಸ್ಟ್‌ಮರ್ಲೆಂಡ್ ಜಿಲ್ಲೆಯ ಎರಡೂ ಸಂಸತ್ ಸ್ಥಾನಗಳು ಅವರ ಜೇಬಿನಲ್ಲಿ. ಬ್ರೂಮ್ 1818ರಲ್ಲಿ ಸವಾಲು ಹಾಕಿ ಸೋತ. 1820ರಲ್ಲಿ ಸೋತ. 1826ರಲ್ಲಿ ಮತ್ತೆ ಸೋತ. ಲೌದರ್ ಪರವಾಗಿ ಕರಪತ್ರ ಬರೆದವನು ಕವಿ ವರ್ಡ್ಸ್‌ವರ್ತ್. ಲೌದರ್ ಪ್ರಭುವಿನ ದಯದಿಂದ ಅವನಿಗೆ ಮುದ್ರಾಂಕ ಹಂಚುವ ಸರ್ಕಾರಿ ಹುದ್ದೆ ಸಿಕ್ಕಿತ್ತು, ಋಣ ತೀರಿಸಿದ. ಡ್ಯಾಫೊಡಿಲ್ ಹೂವುಗಳ ಕವಿ ಚುನಾವಣಾ ಪ್ರಚಾರದಲ್ಲಿ ಓಡಾಡುವುದನ್ನು ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ.

ಲೌದರ್ ಕ್ಯಾಸಲ್ ನೋಡಿ ಬೆರಗಾದೆ. ಮುಂಭಾಗ ಅರಮನೆಯೇ, ಗೋಪುರಗಳ ಸಾಲು. ಬಾಗಿಲಿನ ಒಳಗೆ ಆಕಾಶ. ತೆರಿಗೆ, ಸಾಲ ತಾಳದೆ 1957ರಲ್ಲಿ ಸೂರು ಕಿತ್ತಿದ್ದಾರೆ. ಗೆದ್ದವನ ಮನೆಗೂ ಸೂರಿಲ್ಲ, ಸೋತವನ ಮನೆಯೂ ಇಲ್ಲ. ಚಹಾ ಚೆನ್ನಾಗಿತ್ತು.

ಗುರುವಾರ, ಲಂಡನ್

ಯೂಸ್ಟನ್ ನಿಲ್ದಾಣದಿಂದ ಹೊರಬಿದ್ದು ರಸ್ತೆ ದಾಟಿದರೆ ಗೋವರ್ ಸ್ಟ್ರೀಟ್. 1826ರಲ್ಲಿ ಬ್ರೂಮ್ ಮತ್ತು ಗೆಳೆಯರು ಹುಟ್ಟುಹಾಕಿದ ವಿಶ್ವವಿದ್ಯಾಲಯದ ಕಂಬಸಾಲು ಇಲ್ಲಿದೆ. ಇಂದಿನ ಯೂನಿವರ್ಸಿಟಿ ಕಾಲೇಜ್. ಆಗ ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಪದವಿ ಬೇಕೆಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದವರಾಗಿರಬೇಕಿತ್ತು. ಕ್ಯಾಥೊಲಿಕರು, ಯಹೂದಿಗಳು, ಭಿನ್ನಮತದ ಕ್ರೈಸ್ತರು ಹೊರಗೆ. ಗೋವರ್ ಸ್ಟ್ರೀಟಿನವರು ಯಾರ ಧರ್ಮವನ್ನೂ ಕೇಳಲಿಲ್ಲ, ಅದಕ್ಕೆ ದೇವರಿಲ್ಲದ ಕಾಲೇಜು ಎಂಬ ಬೈಗುಳ ತಿಂದರು.

ಅಲ್ಲಿಂದ ವೆಸ್ಟ್‌ಮಿನ್‌ಸ್ಟರ್. ಬ್ರೂಮ್ ಗುಡುಗಿದ ಹಳೆಯ ಸಂಸತ್ ಭವನ 1834ರ ಅಕ್ಟೋಬರ್ 16ರ ರಾತ್ರಿ ಸುಟ್ಟುಹೋಯಿತು. ಈಗ ಕಾಣುವುದು ಆಮೇಲೆ ಕಟ್ಟಿದ್ದು, ಹಾಗಾಗಿ ನಿಂತ ಜಾಗವನ್ನು ಊಹಿಸಿಕೊಳ್ಳಬೇಕು. ಅಲ್ಲಿ ನಡೆದ ಕ್ಯಾರೊಲಿನ್ ರಾಣಿಯ ವಿಚಾರಣೆ ಹೀಗೆ: ನಾಲ್ಕನೆಯ ಜಾರ್ಜ್ ಪಟ್ಟಕ್ಕೆ ಬಂದೊಡನೆ ಹೆಂಡತಿಯನ್ನು ವ್ಯಭಿಚಾರದ ಆರೋಪ ಹೊರಿಸಿ ಕಳಚಿಕೊಳ್ಳಲು ಹೊರಟ. ನ್ಯಾಯಾಲಯದ ಗೊಡವೆ ಬೇಡವೆಂದು ಸಂಸತ್ತಿನಲ್ಲಿ ಮಸೂದೆಯನ್ನೇ ಮಂಡಿಸಲಾಯಿತು. ರಾಣಿಯ ವಕೀಲ ಬ್ರೂಮ್. ಇಟಲಿಯಿಂದ ಕರೆತಂದ ಮುಖ್ಯ ಸಾಕ್ಷಿ ಮಾಯೋಕ್ಕಿ ಎಂಬ ಸೇವಕ, ಮುಖ್ಯ ವಿಚಾರಣೆಯಲ್ಲಿ ಎಲ್ಲವನ್ನೂ ಕಂಡವನಂತೆ ಹೇಳಿದ. ಪಾಟಿ ಸವಾಲಿಗೆ ಬ್ರೂಮ್ ಎದ್ದ. ಯಾರು ಎಲ್ಲಿ ಮಲಗುತ್ತಿದ್ದರು, ಯಾವ ಕೋಣೆ ಯಾವುದರ ಪಕ್ಕ, ಎಷ್ಟು ಜನ ಇದ್ದರು? ಒಂದೊಂದಕ್ಕೂ ಒಂದೇ ಉತ್ತರ: ನೆನಪಿಲ್ಲ. ಬೇಕಾದ್ದು ಮಾತ್ರ ನೆನಪಿರುವ ಸಾಕ್ಷಿಯನ್ನು ಗದರಿಸಬಾರದು, ಅವನ ಮರೆವನ್ನು ಅವನ ಬಾಯಿಂದಲೇ ಎಣಿಸುತ್ತ ಹೋಗಬೇಕು. ಲಂಡನ್ನಿನ ಬೀದಿಗಳಲ್ಲಿ ಆ ಉತ್ತರವೇ ನಗೆಮಾತಾಯಿತು. ಕೊನೆಯ ವಾಚನದಲ್ಲಿ ಮಸೂದೆಗೆ 108 ಮತ, ವಿರುದ್ಧ 99. ಒಂಬತ್ತೇ ಮತಗಳ ಅಂತರ ಕಂಡು ಸರ್ಕಾರ ಮಸೂದೆಯನ್ನು ಕೈಬಿಟ್ಟಿತು. ಆ ರಾತ್ರಿಗಳಲ್ಲಿ ನಗರ ದೀಪ ಹಚ್ಚಿ ಕುಣಿಯಿತು.

ಆರು ಗಂಟೆಯ ಭಾಷಣ 1828ರ ಫೆಬ್ರವರಿ 7ರದ್ದು. ಪಕ್ಕದಲ್ಲಿ ಟೋಪಿ ತುಂಬ ಕಿತ್ತಳೆ ಇಟ್ಟುಕೊಂಡು ಗಂಟಲು ಒಣಗಿದಾಗ ಒಂದೊಂದನ್ನು ಹೀರುತ್ತಿದ್ದನಂತೆ. 1831ರಲ್ಲಿ ಮತದಾನ ಸುಧಾರಣೆಯ ಮಸೂದೆಗೆ ವಾದಿಸುವಾಗ ಕಿತ್ತಳೆಯ ಬದಲು ಬಿಸಿ ಮದ್ಯ. ಕೊನೆಗೆ ಮಂಡಿಯೂರಿ ಬೇಡಿಕೊಂಡ, ಏಳಲಾರನೆಂದು ಹೆದರಿದ ಗೆಳೆಯರು ಎತ್ತಿ ಕೂರಿಸಿದರೆಂದು ಸಮಕಾಲೀನನೊಬ್ಬ ಬರೆದಿದ್ದಾನೆ. ಮಸೂದೆ ಅಂದು 41 ಮತಗಳಿಂದ ಬಿತ್ತು, ಮರುವರ್ಷ ಗೆದ್ದಿತು.

ಸಂಸತ್ತಿನ ಎದುರಿಗಿರುವ ಸುಪ್ರೀಂ ಕೋರ್ಟ್ ಕಟ್ಟಡಕ್ಕೆ ನಾನು ಹೋದದ್ದು ಬೇರೆ ಕಾರಣಕ್ಕೆ. ಅಲ್ಲಿನ ಮೂರನೆಯ ನ್ಯಾಯಾಂಗಣದಲ್ಲಿ ಪ್ರಿವಿ ಕೌನ್ಸಿಲ್‌ನ ನ್ಯಾಯಿಕ ಸಮಿತಿ ಕೂರುತ್ತದೆ. 1833ರಲ್ಲಿ ಕಾಯಿದೆ ಮಾಡಿ ಆ ಸಮಿತಿಗೆ ರೂಪ ಕೊಟ್ಟವನು ಬ್ರೂಮ್. ಅದಕ್ಕೆ ಮುಂಚೆ ವಸಾಹತುಗಳ ಮೇಲ್ಮನವಿಗಳನ್ನು ಬಿಡುವಿದ್ದ ಪ್ರಿವಿ ಕೌನ್ಸಿಲರುಗಳು, ಕಾನೂನು ಕಲಿಯದವರೂ ಸೇರಿ, ವರ್ಷದಲ್ಲಿ ಕೆಲವೇ ದಿನ ಕೇಳುತ್ತಿದ್ದರು. ಧಾರವಾಡ, ಬೆಳಗಾವಿ, ಕಾರವಾರದ ವತನ, ದತ್ತಕ, ಪಾಲುಪಟ್ಟಿಯ ವ್ಯಾಜ್ಯಗಳು ಮುಂಬಯಿ ಹೈಕೋರ್ಟ್ ದಾಟಿ ಇದೇ ಸಮಿತಿಗೆ ಬರುತ್ತಿದ್ದವು, ಮಂಗಳೂರಿನವು ಮದ್ರಾಸಿನ ಮೂಲಕ. 1949ರಲ್ಲಿ ನಮ್ಮ ಬಾಗಿಲು ಮುಚ್ಚಿತು. ನಾನು ಹೋದ ದಿನ ಕೆರಿಬಿಯನ್ ದ್ವೀಪವೊಂದರ ಭೂವ್ಯಾಜ್ಯ ನಡೆಯುತ್ತಿತ್ತು. ನ್ಯಾಯಾಧೀಶರು ಗೌನು ತೊಟ್ಟಿರಲಿಲ್ಲ, ಧ್ವನಿ ಏರಿಸಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು, ನಮ್ಮೂರ ಗೌಡರ ಮನೆಯ ಜಗಳವೊಂದನ್ನು ಇಂಥ ಕೋಣೆಯಲ್ಲಿ ಯಾರೋ ತಲೆ ಬಗ್ಗಿಸಿ ಓದುತ್ತಿದ್ದುದನ್ನು ನೆನೆದು ವಿಚಿತ್ರವೆನಿಸಿತು. ಹೊಲದ ಬೇಲಿ ನೋಡದವರು ತೀರ್ಪು ಕೊಟ್ಟರು. ಅವುಗಳಲ್ಲಿ ಕೆಲವನ್ನು ನಾನೂ ವಾದದಲ್ಲಿ ಎತ್ತಿ ಹಿಡಿದಿದ್ದೇನೆ.

ಶುಕ್ರವಾರ, ಲಿಂಕನ್ಸ್ ಇನ್

ವಕೀಲರ ಈ ಆವರಣ ಹದಿನೈದನೆಯ ಶತಮಾನದ ಇಟ್ಟಿಗೆಯದು. ಹಳೆಯ ಸಭಾಂಗಣದಲ್ಲಿ ಚಾನ್ಸಲರ್ ಪೀಠ ಕೂರುತ್ತಿತ್ತು. ಬ್ರೂಮ್‌ಗಿಂತ ಹಿಂದೆ ಇಲ್ಲಿ ಬಹುಕಾಲ ಕುಳಿತಿದ್ದ ಎಲ್ಡನ್ ಪ್ರಭು ತೀರ್ಪು ಬರೆಯಲು ವರ್ಷಗಟ್ಟಲೆ ಅನುಮಾನಿಸುತ್ತಿದ್ದ. ಬ್ರೂಮ್ ಬಂದವನೇ ಬೆಳಗಿನಿಂದ ರಾತ್ರಿಯವರೆಗೆ ಕುಳಿತು ಬಾಕಿ ತೀರಿಸಿದ, ತೀರಿಸಿದ್ದನ್ನು ಊರಿಗೆಲ್ಲ ಸಾರಿಕೊಂಡ. ವಕೀಲರು ವಾದಿಸುತ್ತಿದ್ದರೆ ಪೀಠದಲ್ಲೇ ಪತ್ರ ಬರೆಯುತ್ತಿದ್ದ. ಇವನಿಗೆ ಕಾನೂನೂ ಒಂದಿಷ್ಟು ಗೊತ್ತಿದ್ದಿದ್ದರೆ ಎಲ್ಲವೂ ಒಂದಿಷ್ಟು ಗೊತ್ತಿದ್ದಂತಾಗುತ್ತಿತ್ತು ಎಂಬ ಚುಚ್ಚುಮಾತು ಆಗಲೇ ಚಾಲ್ತಿಯಲ್ಲಿತ್ತು. ಒಳ್ಳೆಯ ವಕೀಲ, ಅವಸರದ ನ್ಯಾಯಾಧೀಶ ಎಂಬುದು ನನ್ನ ಎಣಿಕೆ. ಬೇರೆಯವರ ವ್ಯಾಜ್ಯವಾದರೆ, ಅದು ರಾಣಿಯದಿರಲಿ ಗುಲಾಮರದಿರಲಿ, ಅವನ ನಾಲಿಗೆಗೆ ಸರಿಸಾಟಿ ಇರಲಿಲ್ಲ. ತನ್ನದೇ ವ್ಯಾಜ್ಯ ಬಂದಾಗ ಅದೇ ನಾಲಿಗೆ ಅವನನ್ನು ಮುಳುಗಿಸಿತು. 1835ರಲ್ಲಿ ಅವನದೇ ಪಕ್ಷ ಮತ್ತೆ ಅಧಿಕಾರಕ್ಕೆ ಬಂದಾಗ ಪ್ರಧಾನಿ ಮೆಲ್ಬರ್ನ್ ಅವನನ್ನು ಚಾನ್ಸಲರ್ ಮಾಡಲಿಲ್ಲ. ಇವನಿಗೆ ಕೊಡುವುದಕ್ಕಿಂತ ಸ್ಥಾನ ಖಾಲಿ ಇದ್ದರೂ ಸರಿ ಎಂದು ಮಹಾಮುದ್ರೆಯನ್ನು ಕೆಲಕಾಲ ಸಮಿತಿಯ ಕೈಗೆ ಕೊಟ್ಟ. ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದ ಬ್ರೂಮ್‌ಗೆ ಮತ್ತೆ ಮಂತ್ರಿಪದವಿ ಬರಲೇ ಇಲ್ಲ.

ಪ್ರಾರ್ಥನಾಮಂದಿರ 1623ರದ್ದು, ಕಮಾನುಗಳ ತೆರೆದ ಅಂಗಳದ ಮೇಲೆ ನಿಂತಿದೆ. ಹೆತ್ತವರು ಬಿಟ್ಟುಹೋದ ಶಿಶುಗಳು ಈ ಕಮಾನುಗಳಡಿ ಸಿಗುತ್ತಿದ್ದವು, ಅವಕ್ಕೆ ಲಿಂಕನ್ ಎಂದೇ ಹೆಸರಿಡುತ್ತಿದ್ದರು. ಗಂಡಸರಿಗಷ್ಟೇ ಮೀಸಲಾಗಿದ್ದ ಈ ಆವರಣದಲ್ಲಿ ಹೂಳಲಾದ ಮೊದಲ ಹೆಣ್ಣು ಬ್ರೂಮ್‌ನ ಮಗಳು ಎಲಿನೊರ್ ಲೂಯಿಸಾ. ಹುಟ್ಟಿನಿಂದಲೂ ರೋಗಿಷ್ಟೆ. ಇದ್ದ ಇನ್ನೊಬ್ಬ ಮಗಳು ಹಸುಗೂಸಾಗಿದ್ದಾಗಲೇ ತೀರಿಕೊಂಡಿದ್ದಳು. 1839ರ ಅಕ್ಟೋಬರ್‌ನಲ್ಲಿ ಗಾಡಿ ಮಗುಚಿ ಬ್ರೂಮ್ ಸತ್ತನೆಂಬ ಸುಳ್ಳು ಸುದ್ದಿ ಲಂಡನ್ನಿನ ಪತ್ರಿಕೆಗಳಲ್ಲಿ ಬಂತು. ತನ್ನ ಶ್ರದ್ಧಾಂಜಲಿ ಓದುವ ಆಸೆಗೆ ಅವನೇ ಹಬ್ಬಿಸಿದ್ದೆಂದು ಜನ ಗುಮಾನಿಪಟ್ಟರು. ಓದಿದ್ದಂತೂ ನಿಜ, ಹೊಗಳಿಕೆ ಕಡಿಮೆಯಿತ್ತು. ಮರುತಿಂಗಳ ಕೊನೆಯಲ್ಲಿ ಎಲಿನೊರ್ ನಿಜವಾಗಿಯೇ ತೀರಿಕೊಂಡಳು, ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಅವಳ ಸಮಾಧಿಗೆ ಲ್ಯಾಟಿನ್ ಪದ್ಯ ಬರೆದುಕೊಟ್ಟವನು ಮಾರ್ಕ್ವೆಸ್ ವೆಲ್ಲೆಸ್ಲಿ. ಹೌದು, ಅದೇ ವೆಲ್ಲೆಸ್ಲಿ; 1799ರಲ್ಲಿ ಗವರ್ನರ್ ಜನರಲ್ ಆಗಿ ಮದ್ರಾಸಿನಲ್ಲಿ ಕುಳಿತು ಶ್ರೀರಂಗಪಟ್ಟಣದ ಮೇಲೆ ಸೈನ್ಯ ನಡೆಸಿದವನು. ಟಿಪ್ಪುವಿನ ಕೋಟೆಯ ಒಡೆದ ಗೋಡೆಯನ್ನು ಚಿಕ್ಕಂದಿನಲ್ಲಿ ನೋಡಿದವರಿಗೆ ಆ ಹೆಸರಿನೊಂದಿಗೆ ನೆನಪಾಗುವುದು ತೋಪು, ಲೂಟಿ. ಎಂಬತ್ತರ ಹತ್ತಿರದ ಮುದುಕನಾಗಿ, ಗೆಳೆಯನ ಮಗಳಿಗಾಗಿ ಛಂದಸ್ಸು ಹೊಂದಿಸುತ್ತ ಕುಳಿತ ಅವನನ್ನು ನಾನು ಕಲ್ಪಿಸಿಕೊಂಡಿರಲೇ ಇಲ್ಲ. ಶ್ರೀರಂಗಪಟ್ಟಣದ ಲೆಕ್ಕ ಇದರಿಂದ ಬದಲಾಗುವುದಿಲ್ಲ. ಆದರೂ ಅಲ್ಲಿಂದ ಬೇಗ ಏಳಲಾಗಲಿಲ್ಲ.

ಶನಿವಾರ, ಕಾನ್

ನೀಸ್ ವಿಮಾನ ನಿಲ್ದಾಣ ವಾರ್ ನದಿ ಸಮುದ್ರ ಸೇರುವಲ್ಲೇ ಇದೆ. ಕಾನ್‌ಗೆ ಹೋಗುವ ರೈಲು ಕೆಲವೇ ನಿಮಿಷಗಳಲ್ಲಿ ಆ ನದಿಯನ್ನು ದಾಟುತ್ತದೆ. ಅಗಲವಾದ ಪಾತ್ರ, ಬಿಳಿ ಉರುಟುಗಲ್ಲು, ನಡುವೆ ಎರಡು ಮೂರು ಸೀಳು ನೀರು. ಪ್ರಯಾಣಿಕರು ಯಾರೂ ಮೊಬೈಲ್‌ನಿಂದ ತಲೆ ಎತ್ತಲಿಲ್ಲ. 1834ರಲ್ಲಿ ಇದು ಎರಡು ದೇಶಗಳ ಗಡಿ, ನೀಸ್ ಸಾರ್ಡೀನಿಯಾ ದೊರೆಗೆ ಸೇರಿತ್ತು. ಅಧಿಕಾರ ಕಳೆದುಕೊಂಡ ಬ್ರೂಮ್ ಆ ಚಳಿಗಾಲ ಕಾಯಿಲೆಯ ಮಗಳನ್ನು ಕರೆದುಕೊಂಡು ಇಟಲಿಗೆ ಹೊರಟಿದ್ದ. ಫ್ರಾನ್ಸಿನಲ್ಲಿ ಕಾಲರಾ ಎಂದು ಗಡಿಯ ಕಾವಲಿನವರು ದಾಟಲು ಬಿಡಲಿಲ್ಲ. ಸಾಮ್ರಾಜ್ಯದ ಮಾಜಿ ಚಾನ್ಸಲರ್ ಎಷ್ಟು ವಾದಿಸಿದನೋ, ಕಾವಲಿನವನ ಮುಂದೆ ವಾಗ್ಮಿತೆ ನಡೆಯಲಿಲ್ಲ. ಹಿಂದಿರುಗಿ ಕಾನ್ ಎಂಬ ಮೀನುಗಾರರ ಸಣ್ಣ ಊರಿನ ಛತ್ರದಲ್ಲಿ ಇಳಿದ. ಊರು ಹಿಡಿಸಿತು. ಮುಂದಿನ ಜನವರಿಯ ಮೊದಲ ವಾರದಲ್ಲೇ ಜಮೀನು ಕೊಂಡ. ಅವನ ಹಿಂದೆ ಇಂಗ್ಲೆಂಡಿನ ಶ್ರೀಮಂತರು ಬಂದರು, ಅವರ ಹಿಂದೆ ರಷ್ಯದ ರಾಜವಂಶದವರು, ಹೋಟೆಲುಗಳು, ಕಡೆಗೆ ಸಿನಿಮಾದವರು.

ಹಳೆಯ ಬಂದರಿನ ಹತ್ತಿರ ಅವನ ಪ್ರತಿಮೆ ಇದೆ. ದೊರೆ ಲೂಯಿ ಫಿಲಿಪ್‌ನೊಂದಿಗೆ ಇದ್ದ ಸಲುಗೆ ಬಳಸಿ ಈ ಬಂದರಿನ ಕಟ್ಟೆಗೆ ಹಣ ಮಂಜೂರು ಮಾಡಿಸಿದವನು ಅವನೇ, ಅಂದ ಮೇಲೆ ಜಾಗ ಸರಿಯಾಗಿದೆ. ಪಕ್ಕದ ಮರಗಳಡಿ ಮುದುಕರು ಲೋಹದ ಚೆಂಡು ಎಸೆಯುವ ಆಟದಲ್ಲಿ ಮುಳುಗಿದ್ದರು. ಒಂದು ಎಸೆತದ ಬಗ್ಗೆ ಭಾರಿ ವಾಗ್ವಾದವಾಗಿ, ದಾರದಿಂದ ಅಳೆದು ತೀರ್ಮಾನಿಸಿದರು. ವೆಸ್ಟ್‌ಮರ್ಲೆಂಡ್ ಮೂರು ಬಾರಿ ಬೇಡವೆಂದ ಮನುಷ್ಯನಿಗೆ ಇಲ್ಲಿ ಯಾರೂ ಸ್ಪರ್ಧಿಗಳಿಲ್ಲ.

ಭಾನುವಾರ, ಕಾನ್

ಊರಿನ ಪಶ್ಚಿಮಕ್ಕೆ ಏರಿನಲ್ಲಿ ಅವನ ಬಂಗಲೆ ಉಳಿದಿದೆ. ಮಗಳ ಹೆಸರಿಟ್ಟು ಕಟ್ಟಿಸಿದ. ಕಟ್ಟಡ ಮುಗಿದ ವರ್ಷವೇ ಅವಳು ಹೋದಳು. ಈಗ ಖಾಸಗಿ ವಸತಿ. ಗೇಟಿನ ಸರಳುಗಳ ನಡುವಿನಿಂದ ಕಂಬಗಳು ಮತ್ತು ಒಂದಿಷ್ಟು ತೋಟ ಕಂಡವು. ಗ್ರಾಂ ಜಾಸ್ ಸ್ಮಶಾನ ಗುಡ್ಡದ ಮೆಟ್ಟಿಲುಗಳ ಮೇಲೆ ಹರಡಿದೆ, ಸೈಪ್ರೆಸ್ ಮರಗಳ ಸಾಲು. ಬ್ರೂಮ್ ಗೋರಿಯ ಮೇಲೆ ದೊಡ್ಡ ಕಲ್ಲಿನ ಶಿಲುಬೆ. 1868ರ ಮೇ 7ರಂದು ಈ ಊರಿನಲ್ಲೇ ನಿದ್ದೆಯಲ್ಲಿ ಹೋದ, ತೊಂಬತ್ತಕ್ಕೆ ಕೆಲವೇ ತಿಂಗಳು ಬಾಕಿ. ಇದೇ ಸ್ಮಶಾನದಲ್ಲಿ, ಬೇರೆ ಮೆಟ್ಟಿಲುಗಳಲ್ಲಿ, ಲೇಖಕ ಮೆರಿಮೆ ಇದ್ದಾನೆ, ರಷ್ಯದ ಅಕ್ಕಸಾಲಿ ಫಾಬೆರ್ಜೆ ಇದ್ದಾನೆ.

ಮಧ್ಯಾಹ್ನದ ಊಟಕ್ಕೆ ಮಗಳಿಗೆ 1848ರ ಕಥೆ ಹೇಳಿದೆ. ಫ್ರಾನ್ಸಿನಲ್ಲಿ ಕ್ರಾಂತಿಯಾಗಿ ಗಣರಾಜ್ಯ ಬಂದಿತ್ತು. ಎಪ್ಪತ್ತರ ಹತ್ತಿರದ ಬ್ರೂಮ್, ರಾಷ್ಟ್ರೀಯ ಸಭೆಗೆ ಸ್ಪರ್ಧಿಸುವ ಹುಮ್ಮಸ್ಸಿನಲ್ಲಿ, ಫ್ರೆಂಚ್ ಪೌರತ್ವ ಕೋರಿ ನ್ಯಾಯಮಂತ್ರಿ ಕ್ರೆಮ್ಯೂಗೆ ಬರೆದ. ಕಾನ್‌ನಲ್ಲಿ ಪ್ರಜೆಯಾಗಿಯೂ ಲಂಡನ್ನಿನಲ್ಲಿ ಪ್ರಭುವಾಗಿಯೂ ಇರುವುದು ಅವನ ಲೆಕ್ಕಾಚಾರ. ಫ್ರಾನ್ಸ್ ಹಂಚಿಕೆಯನ್ನು ಒಪ್ಪುವುದಿಲ್ಲ, ನೀವು ಫ್ರೆಂಚರಾದ ದಿನ ನಿಮ್ಮ ಬಿರುದು, ಹಕ್ಕು, ಸ್ಥಾನಮಾನ ಎಲ್ಲವೂ ಹೋಗುತ್ತವೆ ಎಂದು ಮಂತ್ರಿ ವಿನಯದಿಂದ ಉತ್ತರಿಸಿದ. ಅರ್ಜಿ ಹಿಂದಕ್ಕೆ ಹೋಯಿತು.

"ಇಷ್ಟು ದೊಡ್ಡ ನ್ಯಾಯಾಧೀಶನಿಗೆ ಅಷ್ಟೂ ಗೊತ್ತಿರಲಿಲ್ಲವೇ?" ಎಂದಳು ಮಗಳು.

ಗೊತ್ತಿತ್ತು, ಆದರೂ ಕೇಳಿ ನೋಡಿದ. ವಕೀಲರು ಹಾಗೆಯೇ ಎಂದೆ. ಅವಳು ಒಪ್ಪಲಿಲ್ಲ.